ಹವಾಯಿಯ ಕಡಲತಳದ ಕಾರ್ಸೇರ್ ಹಾಸನದ ಮೇಜಿನ ಮೇಲೆ: 1/72 ಡಯೊರಾಮಾಕ್ಕೆ ರೆಸಿನ್ ಸುರಿಯಬೇಕೇ, ಬೇಡವೇ?

ಗೊರೂರು ದಡ (ಹಾಸನ)

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷಗಳಿಂದ ಪ್ಲಾಸ್ಟಿಕ್ ಕಿಟ್‌ಗಳಿಂದ ವಿಮಾನಗಳ ಮಾದರಿಗಳನ್ನು ಮಾಡುತ್ತಿದ್ದೇನೆ. ಇದುವರೆಗೆ ಮಾಡಿದ್ದೆಲ್ಲ ರನ್‌ವೇ ಮೇಲೆ ನಿಂತ, ಬಣ್ಣ ಮಾಸದ ವಿಮಾನಗಳೇ. ಈ ಬಾರಿ ಕಡಲತಳದಲ್ಲಿ ಮಲಗಿರುವ ವಿಮಾನವೊಂದನ್ನು 1/72 ಅಳತೆಯಲ್ಲಿ, ಅಂದರೆ ನಿಜದ 72ರಲ್ಲಿ ಒಂದು ಪಾಲಿನಷ್ಟಾಗಿ, ಡಯೊರಾಮಾ (ಸುತ್ತಲಿನ ದೃಶ್ಯವೂ ಸೇರಿದ ಮಾದರಿ) ರೂಪದಲ್ಲಿ ಮಾಡಬೇಕೆಂದು ಹೊರಟಿದ್ದೇನೆ. ಆರಿಸಿಕೊಂಡಿರುವುದು ಹವಾಯಿಯ ಓಆಹು ದ್ವೀಪದ ಬಳಿ, ಹವಾಯಿ ಕಾಯ್ ಎಂಬ ಊರಿನಾಚೆಯ ಸಮುದ್ರದಲ್ಲಿ, ಸುಮಾರು 33 ಮೀಟರ್ ಆಳದ ಮರಳಿನ ಮೇಲೆ ಕುಳಿತಿರುವ ಎಫ್4ಯು ಕಾರ್ಸೇರ್ ಯುದ್ಧವಿಮಾನ. 1948ರಲ್ಲಿ ತರಬೇತಿ ಹಾರಾಟದ ನಡುವೆ ಎಂಜಿನ್ ತೊಂದರೆಯಾಗಿ ಪೈಲಟ್ ಅದನ್ನು ನೀರಿನ ಮೇಲೆ ಇಳಿಸಿದರು. ಅವರು ಬದುಕಿ ಹೊರಬಂದರು, ವಿಮಾನ ಮುಳುಗಿತು. ಯಾರೂ ಪ್ರಾಣ ಕಳೆದುಕೊಳ್ಳದ ಜಾಗ ಎಂಬುದೇ ನಾನು ಇದನ್ನು ಆರಿಸಿದ್ದಕ್ಕೆ ಮೊದಲ ಕಾರಣ. ಸೈನಿಕರ ಸಮಾಧಿಯೂ ಆಗಿರುವ ಅವಶೇಷವನ್ನು ಮೇಜಿನ ಅಲಂಕಾರಕ್ಕಾಗಿ ಮಾಡಲು ನನಗೆ ಮನಸ್ಸಾಗಲಿಲ್ಲ.

ಈ ಯೋಚನೆ ಹುಟ್ಟಿದ್ದು ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳ ನಡುವೆ. ಹೇಮಾವತಿ ಜಲಾಶಯದ ನೀರು ಇಳಿದ ಬೇಸಿಗೆಯಲ್ಲಿ ಅಲ್ಲಿ ನಿಂತು ಕಮಾನುಗಳ ಮೇಲಿನ ಕೆಸರಿನ ಗೆರೆಗಳನ್ನು ನೋಡುತ್ತಿದ್ದಾಗ, ನೀರಿಲ್ಲದ ಹೊತ್ತಿನಲ್ಲೂ ಆ ಕಟ್ಟಡ ಮುಳುಗಿದ ಕಟ್ಟಡದಂತೆಯೇ ಕಾಣುತ್ತದಲ್ಲ ಎನ್ನಿಸಿತು. ಆದರೂ ಡಯೊರಾಮಾ ಎಂದಮೇಲೆ ನೀರು ಇರಲೇಬೇಕು ಎಂದುಕೊಂಡು 30 ಸೆಂ.ಮೀ. ಅಗಲದ, ಮುಂದಿನಿಂದ ಹಿಂದಕ್ಕೆ 24 ಸೆಂ.ಮೀ. ಇರುವ ಪೆಟ್ಟಿಗೆಯಲ್ಲಿ ಪಾರದರ್ಶಕ ಎಪಾಕ್ಸಿ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ದ್ರವ) ತುಂಬುವ ಯೋಜನೆ ಹಾಕಿಕೊಂಡಿದ್ದೇನೆ. ನೀರಿನ ಮೇಲ್ಮೈಯನ್ನೂ ತೋರಿಸುವ ಆಸೆ ಇದೆ. ರೆಸಿನ್, ಬಣ್ಣ, ಮರಳು, ಈ ಮೂರರ ಬಗ್ಗೆಯೂ ಅನುಭವಸ್ಥರ ಮಾತು ಕೇಳಬೇಕಾಗಿದೆ.

ಸಕಲೇಶಪುರ ರೈಲು

ಗೊರೂರು ದಡ ಅವರೇ, ಮೊದಲು ಒಂದು ಲೆಕ್ಕ ಮಾಡಿ. 33 ಮೀಟರ್ ಆಳವನ್ನು 72ರಿಂದ ಭಾಗಿಸಿದರೆ ಸುಮಾರು 46 ಸೆಂ.ಮೀ. ಬರುತ್ತದೆ. ಮೇಲ್ಮೈಯನ್ನು ತೋರಿಸಬೇಕೆಂದರೆ ನಿಮ್ಮ ಪೆಟ್ಟಿಗೆಗೆ 33 ಲೀಟರಿನಷ್ಟು ರೆಸಿನ್ ಬೇಕು. ತೂಕ 36 ಕೆ.ಜಿ. ಸಮೀಪಿಸುತ್ತದೆ. ಬೆಲೆಯ ಮಾತು ಹಾಗಿರಲಿ, ಎಪಾಕ್ಸಿ ಗಟ್ಟಿಯಾಗುವಾಗ ತನ್ನೊಳಗಿನಿಂದಲೇ ಬಿಸಿ ಹುಟ್ಟಿಸುತ್ತದೆ. ಪದರ ದಪ್ಪವಾದಷ್ಟೂ ಆ ಬಿಸಿ ಹೊರಹೋಗಲು ದಾರಿಯಿಲ್ಲದೆ ಏರುತ್ತದೆ, ಏರಿದ ಬಿಸಿ ಗಟ್ಟಿಯಾಗುವ ವೇಗವನ್ನು ಇನ್ನಷ್ಟು ಹೆಚ್ಚಿಸುತ್ತದೆ, ಕೊನೆಗೆ ರೆಸಿನ್ ಹಳದಿಗಟ್ಟಿ ಬಿರುಕು ಬಿಡುತ್ತದೆ. ಒಳಗಿರುವ ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕು ಆ ಬಿಸಿಗೆ ಮೆತ್ತಗಾಗಿ ರೆಕ್ಕೆ ಬಾಗುತ್ತದೆ.

ನಾನು ರೈಲು ಮಾದರಿಗಳಿಗೆ ಹೊಳೆ, ತೊರೆಗಳನ್ನು ಮಾಡುವವನು. ಸೇತುವೆಯ ಕೆಳಗಿನ ಎರಡು ಸೆಂ.ಮೀ. ನೀರಿಗೆ ರೆಸಿನ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ನಮ್ಮ ಕಡೆಯ ಮಳೆಗಾಲದಲ್ಲಿ ಅದನ್ನು ಸುರಿಯಬೇಡಿ. ಗಾಳಿಯ ತೇವಕ್ಕೆ ಎಪಾಕ್ಸಿಯ ಮೇಲ್ಮೈಯಲ್ಲಿ ಮಬ್ಬಾದ, ಅಂಟಂಟಾದ ಪೊರೆ ಬರುತ್ತದೆ. ಪಾಲಿಯುರೆಥೇನ್ ಬಗೆಯದಾದರೆ ತೇವ ತಗುಲಿದೊಡನೆ ನೊರೆಯೇ ಏಳುತ್ತದೆ. ಎರಡು ವರ್ಷದ ಹಿಂದೆ ಜುಲೈ ತಿಂಗಳಿನಲ್ಲಿ ಸುರಿದ ನನ್ನ ಒಂದು ತೊರೆ ಹಾಲಿನಂತಾಯಿತು. ಅದನ್ನು ಒಡೆದು ತೆಗೆಯುವಾಗ ಮೂರು ತಿಂಗಳು ಕೂತು ಮಾಡಿದ ದಂಡೆಯೂ ಹೋಯಿತು.

ಸುರಿಯಲೇಬೇಕೆಂದಿದ್ದರೆ ವಿಮಾನದ ದೇಹ ಮತ್ತು ರೆಕ್ಕೆಗಳ ಅಡಿಭಾಗದಲ್ಲಿ ಅಲ್ಲಲ್ಲಿ ತೂತು ಕೊರೆದು, ಒಳಗೆ ಮೊದಲೇ ರೆಸಿನ್ ತುಂಬಿ ಗಟ್ಟಿಯಾಗಲು ಬಿಡಿ. ಟೊಳ್ಳಿನಲ್ಲಿ ಉಳಿದ ಗಾಳಿ ಬಿಸಿಯಾದಾಗ ಹಿಗ್ಗಿ, ಸಣ್ಣ ಸಂದುಗಳಿಂದ ಸಾಲುಸಾಲಾಗಿ ಗುಳ್ಳೆಗಳಾಗಿ ಹೊರಬರುತ್ತದೆ. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮುಳುಗಿರುವ ವಿಮಾನದಿಂದ ಈಗ ಗುಳ್ಳೆ ಏಳುವುದಕ್ಕೆ ಯಾವ ಕಾರಣವೂ ಇಲ್ಲ.

ಅರಕಲಗೂಡಿನ ಹೊಸಬ

ಒಂದು ಪ್ರಶ್ನೆ ಕೇಳಬಹುದೇ? ಮೇಲ್ಮೈಯನ್ನು ಬಿಟ್ಟು ಕೆಳಗಿನ 15 ಸೆಂ.ಮೀ. ನೀರನ್ನು ಮಾತ್ರ ಒಂದು ಗಟ್ಟಿಯಂತೆ ಕತ್ತರಿಸಿ ತೆಗೆದಂತೆ ತೋರಿಸಿದರೆ ಆಗದೇ? ಆಗ 11 ಲೀಟರಿನೊಳಗೆ ಮುಗಿಯುತ್ತದೆ.

ಕಡೂರಿನ ಶಿಕ್ಷಕಿ

ಹೊಸಬರ ಪ್ರಶ್ನೆ ಸರಿಯಾಗಿದೆ, ಆದರೆ ಅಲ್ಲಿಯೂ ಒಂದು ತೊಡಕಿದೆ. ನಾನು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಗಟ್ಟಿಯಾದ ಎಪಾಕ್ಸಿಯ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಸುಮಾರು 1.5. ಬಾವಿಯ ತಳ ಇದ್ದುದಕ್ಕಿಂತ ಮೇಲಕ್ಕೆ ಬಂದಂತೆ ಕಾಣುವುದು ಹೇಗೋ, ರೆಸಿನ್ ಗಟ್ಟಿಯೊಳಗಿನ ವಸ್ತುವೂ ಹಾಗೆಯೇ ನಮ್ಮ ಕಡೆಗೆ ಸರಿದಂತೆ ಕಾಣುತ್ತದೆ. 15 ಸೆಂ.ಮೀ. ಎತ್ತರದ ಗಟ್ಟಿಯನ್ನು ಮೇಲಿನಿಂದ ನೋಡಿದರೆ 10 ಸೆಂ.ಮೀ.ನಂತೆಯೂ, 24 ಸೆಂ.ಮೀ. ಆಳವನ್ನು ಮುಂದಿನಿಂದ ನೋಡಿದರೆ 16 ಸೆಂ.ಮೀ.ನಂತೆಯೂ ತೋರುತ್ತದೆ. ಕಾರ್ಸೇರ್ ವಿಮಾನದ ಉದ್ದ ಈ ಅಳತೆಯಲ್ಲಿ 14 ಸೆಂ.ಮೀ. ಅಷ್ಟೆ. ಮೂಗನ್ನು ನೋಡುಗರ ಕಡೆಗೆ ತಿರುಗಿಸಿ ಇಟ್ಟರೆ ಆ ಉದ್ದ 9 ಸೆಂ.ಮೀ.ಗೆ ಕುಗ್ಗಿದಂತಾಗಿ, ಉದ್ದ ಮೂಗಿಗೇ ಹೆಸರಾದ ವಿಮಾನ ಮೊಂಡಾಗಿ ಕಾಣುತ್ತದೆ. ಗಟ್ಟಿಯ ಮೂಲೆಯ ಕಡೆಯಿಂದ ನೋಡಿದವರಿಗೆ ಎರಡು ಮುಖಗಳಲ್ಲಿ ಎರಡು ವಿಮಾನಗಳು ಕಾಣುತ್ತವೆ.

ನೀರಿನೊಳಗೂ ಹೀಗೆಯೇ ಆಗುತ್ತದಲ್ಲ ಎಂದು ಕೆಲವರು ಕೇಳಬಹುದು. ಆಗುತ್ತದೆ. ನೀರಿನ ಸೂಚ್ಯಂಕ 1.33 ಆಗಿರುವುದರಿಂದ, ಚಪ್ಪಟೆ ಗಾಜಿನ ಮುಖವಾಡ ಹಾಕಿಕೊಂಡ ಮುಳುಗುಗಾರರಿಗೆ ವಸ್ತುಗಳು ನಿಜವಾದ ದೂರದ ಮುಕ್ಕಾಲು ಪಾಲಿನಲ್ಲಿರುವಂತೆ, ಅದರಿಂದಾಗಿ ದೊಡ್ಡದಾಗಿಯೂ ಕಾಣುತ್ತವೆ. ಆದರೆ ಆ ಮುಳುಗುಗಾರರು ನೀರಿನೊಳಗೇ ಇದ್ದು ವಿಮಾನದ ಸುತ್ತ ಚಲಿಸುತ್ತಿರುತ್ತಾರೆ. ನಾವು ಹೊರಗೆ ನಿಂತು ಗಾಜಿನ ಇಟ್ಟಿಗೆಯೊಂದನ್ನು ನೋಡುತ್ತಿರುತ್ತೇವೆ, ನಮ್ಮ ಕಣ್ಣು ಮೊದಲು ಗುರುತಿಸುವುದು ಇಟ್ಟಿಗೆಯ ಅಂಚುಗಳನ್ನು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: 33 ಮೀಟರ್ ಆಳದ ನೀರನ್ನು ಬೆಳಕಿನಿಂದ ಮಾಡಬೇಕು. ಮೂರು ಕಡೆ ಮುಚ್ಚಿದ ಪೆಟ್ಟಿಗೆ, ಮುಂದೆ ತೆಳುವಾದ ಅಕ್ರಿಲಿಕ್ ಹಾಳೆ, ಮೇಲಿನಿಂದ ಎಲ್‌ಇಡಿ, ಅದರ ಕೆಳಗೆ ನಾಟಕದ ದೀಪಗಳಿಗೆ ಹಾಕುವ ನೀಲಿ ಜಿಲೇಟಿನ್ ಹಾಳೆ, ಅದರ ಕೆಳಗೆ ಬೆಣ್ಣೆಕಾಗದ. ಬೆಣ್ಣೆಕಾಗದ ಏಕೆಂದರೆ ಅಷ್ಟು ಆಳದಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಚದುರಿ ಬರುತ್ತದೆ, ನೆರಳಿಗೆ ಅಂಚು ಇರುವುದಿಲ್ಲ. ತಳದ ಮರಳಿನ ಮೇಲೆ ಬಲೆಯಂತೆ ಆಡುವ ಬಿಸಿಲಿನ ಗೆರೆಗಳನ್ನು ಹಾಕಲು ಅನೇಕರು ಆಸೆಪಡುತ್ತಾರೆ. ಅವು ಆಳವಿಲ್ಲದ ನೀರಿನ ಗುರುತು, ಇಲ್ಲಿ ಬೇಡ.

ಮಲೆನಾಡ ಮಾದರಿ (ಚಿಕ್ಕಮಗಳೂರು)

ಮೇಡಂ ಬರೆದದ್ದನ್ನು ಪೂರ್ತಿ ಒಪ್ಪುತ್ತೇನೆ. ನೀರಿನ ವಿಷಯ ಅಲ್ಲಿಗೆ ಬಿಟ್ಟು ವಿಮಾನದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಗೊರೂರು ದಡ ಅವರು ಶೆಟ್ಟಿಹಳ್ಳಿಯಲ್ಲಿ ಕಂಡದ್ದೇ ಇಲ್ಲಿನ ಮುಖ್ಯ ಮಾತು. ನೀರು ಏನು ಮಾಡಿದೆ ಎಂಬುದು ವಿಮಾನದ ಮೈಮೇಲೆ ಕಂಡರೆ ಸುತ್ತ ನೀರಿದೆಯೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮುಳುಗಿದ ವಿಮಾನ ಎಂದೊಡನೆ ಮೈತುಂಬ ತುಕ್ಕಿನ ಕಂದು ಬಣ್ಣ ಬಳಿಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ವಿಮಾನದ ಹೊದಿಕೆ ಅಲ್ಯೂಮಿನಿಯಂ ಮಿಶ್ರಲೋಹದ್ದು, ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಉಪ್ಪುನೀರಿನಲ್ಲಿ ಅದು ಬೂದುಬಣ್ಣಕ್ಕೆ ತಿರುಗಿ, ಬಿಳಿಯ ಪುಡಿಯಂಥ ಕಲೆಗಳೆದ್ದು, ಸಣ್ಣ ಗುಳಿಗಳಾಗಿ ತೂತುಬೀಳುತ್ತದೆ. ಕಂದು ತುಕ್ಕು ಬರಬೇಕಾದದ್ದು ಉಕ್ಕಿನ ಭಾಗಗಳಲ್ಲಿ ಮಾತ್ರ: ಎಂಜಿನ್ನಿನ ಸಿಲಿಂಡರುಗಳು, ಚಕ್ರದ ಕಾಲುಗಳು, ಪೈಲಟ್ ಬೆನ್ನ ಹಿಂದಿನ ರಕ್ಷಾಫಲಕ, ಮೆಷಿನ್‌ಗನ್‌ಗಳು. ಉಕ್ಕು ಮತ್ತು ಅಲ್ಯೂಮಿನಿಯಂ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದಲ್ಲಿ ಬ್ಯಾಟರಿಯಂತೆ ಕೆಲಸ ನಡೆದು ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಹಾಗಾಗಿ ದೊಡ್ಡ ತೂತುಗಳನ್ನು ಎಲ್ಲೆಂದರಲ್ಲಿ ಕೊರೆಯದೆ, ಉಕ್ಕಿನ ಬೋಲ್ಟುಗಳು ಇರುವ ಜೋಡಣೆಯ ಜಾಗಗಳ ಸುತ್ತ ಕೊರೆಯಿರಿ. ಮೆಗ್ನೀಸಿಯಂ ಭಾಗಗಳು ಎಲ್ಲಕ್ಕಿಂತ ಮೊದಲು ಕರಗಿಹೋಗುತ್ತವೆ. ರಬ್ಬರಿನ ಟೈರು ಮಾತ್ರ ಆಶ್ಚರ್ಯವಾಗುವಷ್ಟು ಕಾಲ ಉಳಿದುಕೊಳ್ಳುತ್ತದೆ.

ಇನ್ನು ಬಟ್ಟೆ. ಕಾರ್ಸೇರ್ ಲೋಹದ ವಿಮಾನವೆಂದು ನಾವು ಭಾವಿಸುತ್ತೇವೆ, ಆದರೆ ಎಫ್4ಯು-5ಕ್ಕಿಂತ ಮೊದಲಿನ ರೂಪಗಳಲ್ಲಿ ಮಡಚುವ ಹೊರರೆಕ್ಕೆಯ ಮೇಲ್ಮೈ, ಸ್ಪಾರ್ ಎಂಬ ಮುಖ್ಯ ತೊಲೆಯ ಹಿಂದಕ್ಕೆ, ಬಟ್ಟೆಯದೇ ಆಗಿತ್ತು. ವಿಮಾನವನ್ನು ತಿರುಗಿಸುವ, ಏರಿಳಿಸುವ ಫಲಕಗಳಲ್ಲಿ ಬಾಲದ ರಡ್ಡರ್ ಮತ್ತು ಎಲಿವೇಟರ್‌ಗಳಿಗೂ ಬಟ್ಟೆಯ ಹೊದಿಕೆ, ರೆಕ್ಕೆಯ ಏಲೆರಾನ್‌ಗಳು ಪ್ಲೈವುಡ್ಡಿನವು. ಸಮುದ್ರದಲ್ಲಿ ಬಟ್ಟೆ ಬೇಗ ಕೊಳೆತುಹೋಗುತ್ತದೆ, ಮರವನ್ನು ಹುಳುಗಳು ತಿನ್ನುತ್ತವೆ. ಉಳಿಯುವುದು ರೆಕ್ಕೆಗೆ ಆಕಾರ ಕೊಡುವ ಒಳಪಟ್ಟಿಗಳ, ಅಂದರೆ ಪಕ್ಕೆಲುಬುಗಳ ಸಾಲು. ಕಿಟ್‌ನಲ್ಲಿ ಈ ಭಾಗವೆಲ್ಲ ಗಟ್ಟಿ ಪ್ಲಾಸ್ಟಿಕ್ ಆಗಿ ಬಂದಿರುತ್ತದೆ. ಅದನ್ನು ಗರಗಸದಿಂದ ಕತ್ತರಿಸಿ ತೆಗೆದು, 0.25 ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ ಒಂದೊಂದೇ ಪಕ್ಕೆಲುಬನ್ನು ಕತ್ತರಿಸಿ ಕೂರಿಸಬೇಕು. ಬೇಸರದ ಕೆಲಸವೆಂದು ಬಿಟ್ಟುಬಿಡಬೇಡಿ, ಇಡೀ ಡಯೊರಾಮಾದ ಪ್ರಾಣ ಇರುವುದು ಇಲ್ಲಿಯೇ. ಬಟ್ಟೆ ಹಾಗೆಯೇ ಉಳಿದಿರುವ ಮುಳುಗಿದ ಕಾರ್ಸೇರ್ ಅನ್ನು ಬಲ್ಲವರು ನೋಡಿದರೆ ನಿನ್ನೆ ಮುಳುಗಿದ್ದು ಎಂದುಕೊಳ್ಳುತ್ತಾರೆ.

ಹೊದಿಕೆಯ ದಪ್ಪದ ಬಗ್ಗೆಯೂ ಒಂದು ಮಾತು. ನಿಜವಾದ ವಿಮಾನದ ಹೊದಿಕೆ ಒಂದು ಮಿ.ಮೀ. ಆಸುಪಾಸಿನದು. ಕಿಟ್‌ನ ಒಂದು ಮಿ.ಮೀ. ಪ್ಲಾಸ್ಟಿಕ್ಕು ಈ ಅಳತೆಯಲ್ಲಿ 72 ಮಿ.ಮೀ. ದಪ್ಪದ ಕವಚವಾಗುತ್ತದೆ. ತೂತಿನ ಅಂಚಿನಲ್ಲಿ ಆ ದಪ್ಪ ಕಂಡರೆ ವಿಮಾನ ಸತ್ತಂತೆಯೇ. ಒಳಗಿನಿಂದ ಅಂಚನ್ನು ಕಾಗದದಷ್ಟು ತೆಳುವಾಗಿ ಹೆರೆಯಿರಿ, ಹರಿದು ಮಡಿಚಿಕೊಂಡ ಜಾಗಗಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಬಳಸಿ. ಫಾಯಿಲ್‌ನ ದಪ್ಪ 0.01ರಿಂದ 0.02 ಮಿ.ಮೀ. ಇರುವುದರಿಂದ ಅದು ಹೆಚ್ಚುಕಡಿಮೆ ನಿಮ್ಮ ಅಳತೆಗೇ ಸರಿಹೊಂದುತ್ತದೆ.

ಪ್ರೊಪೆಲ್ಲರನ್ನು ಬಾಗಿಸುವ ಮೊದಲು ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂದು ಯೋಚಿಸಿ. ಪೂರ್ಣ ಶಕ್ತಿಯಲ್ಲಿ ತಿರುಗುತ್ತಾ ನೀರಿಗೆ ಬಿದ್ದ ಪ್ರೊಪೆಲ್ಲರಿನ ತುದಿಗಳು ಸಾಮಾನ್ಯವಾಗಿ ಮುಂದಕ್ಕೆ ಬಾಗುತ್ತವೆ. ಶಕ್ತಿ ಕಳೆದುಕೊಂಡಿದ್ದರೆ ಹಿಂದಕ್ಕೆ ಬಾಗುತ್ತವೆ. ಪೂರ್ತಿ ನಿಂತೇ ಹೋಗಿದ್ದರೆ ಕೆಳಗಿದ್ದ ಅಲಗಷ್ಟೇ ಬಾಗುತ್ತದೆ. ಎಲ್ಲ ಅಲಗುಗಳನ್ನೂ ಹೂವಿನ ಎಸಳಿನಂತೆ ಒಂದೇ ಸಮ ಬಾಗಿಸುವುದು ಚೆಂದಕ್ಕಾಗಿ ಮಾಡುವ ಸುಳ್ಳು.

ಗೊರೂರು ದಡ (ಹಾಸನ)

ಇಷ್ಟು ಮನಸ್ಸಿಟ್ಟು ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞ. ಮೇಲ್ಮೈ ತೋರಿಸುವ ಆಸೆಯನ್ನು ಇಂದಿಗೇ ಬಿಟ್ಟೆ. ರೆಸಿನ್ ಬಗ್ಗೆ ಇನ್ನೂ ಒಂದು ಸಣ್ಣ ಪ್ರಯೋಗ ಮಾಡಿ ನೋಡುತ್ತೇನೆ. ಬಟ್ಟೆಯ ವಿಷಯ ನನಗೆ ತಿಳಿದೇ ಇರಲಿಲ್ಲ, ನಿನ್ನೆ ರಾತ್ರಿ ಹೊರರೆಕ್ಕೆಯ ಹಿಂಭಾಗವನ್ನು ಕತ್ತರಿಸಿ ತೆಗೆದಿದ್ದೇನೆ. ಈಗ ಬಣ್ಣದ ಪ್ರಶ್ನೆ. ಮುಳುಗಿದ ವಿಮಾನಗಳ ಚಿತ್ರಗಳನ್ನು ನೋಡಿದರೆ ಕೆಂಪು, ಕಿತ್ತಳೆ, ಹಳದಿ ಹವಳಗಳು ಮೈಮೇಲೆಲ್ಲ ಕಾಣುತ್ತವೆ. ಹಾಗೆಯೇ ಬಣ್ಣ ಕೊಡಲೇ?

ನೇತ್ರಾಣಿ ಮುಳುಗುಗಾರ (ಹಾಸನ)

ಆ ಚಿತ್ರಗಳು ಫ್ಲ್ಯಾಶ್ ಬಳಸಿ ತೆಗೆದವು. ಹಾಸನದವನಾದರೂ ವರ್ಷಕ್ಕೊಮ್ಮೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗುವ ಅಭ್ಯಾಸ ನನಗಿದೆ, ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಕೆಂಪು ಬಣ್ಣದ ಬಹುಪಾಲು ಮೊದಲ ಹತ್ತು ಮೀಟರಿನೊಳಗೇ ಕಳೆದುಹೋಗುತ್ತದೆ. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ನನ್ನ ಕೆಂಪು ಕೈಗವಸು ಕೆಳಗೆ ಹೋದಂತೆ ಹುರಿದ ಕಾಫಿ ಬೀಜದ ಬಣ್ಣಕ್ಕೆ, ಆಮೇಲೆ ಕಪ್ಪಿಗೆ ತಿರುಗುವುದನ್ನು ನೋಡಿದ್ದೇನೆ. ಟಾರ್ಚ್ ಹಿಡಿದ ಕ್ಷಣ ಮತ್ತೆ ಕೆಂಪಾಗುತ್ತದೆ, ಏಕೆಂದರೆ ಆ ಬೆಳಕು ದಾಟಿ ಬರಬೇಕಾದ ನೀರು ಒಂದೆರಡು ಮೀಟರ್ ಮಾತ್ರ.

ಆದ್ದರಿಂದ ಮೊದಲು ತೀರ್ಮಾನಿಸಬೇಕಾದದ್ದು ಬೆಳಕು ಯಾವುದು ಎಂಬುದನ್ನು. ಮೇಲಿನಿಂದ ಇಳಿದ ಬೆಳಕು ಮಾತ್ರವಾದರೆ ಇಡೀ ದೃಶ್ಯ ನೀಲಿ, ಬೂದು, ಮಾಸಲು ಹಸಿರುಗಳಲ್ಲೇ ಮುಗಿಯಬೇಕು. ಅಮೆರಿಕದ ಸೇನಾ ವಿಮಾನಗಳ ನಕ್ಷತ್ರ ಚಿಹ್ನೆಯ ಎರಡು ಬದಿಯ ಬಿಳಿ ಪಟ್ಟಿಗಳ ನಡುವೆ ಕೆಂಪು ಗೆರೆ ಸೇರಿದ್ದು 1947ರ ಜನವರಿಯಲ್ಲಿ. ನಿಮ್ಮ ವಿಮಾನ ಮುಳುಗಿದ್ದು 1948ರಲ್ಲಿ. ಬಣ್ಣದ ಚೂರು ಉಳಿದಿದೆಯೆಂದು ನೀವು ತೋರಿಸುವುದಾದರೆ ಆ ಗೆರೆಯನ್ನು ಕೆಂಪಾಗಿ ಬಳಿಯಬೇಡಿ, ಕಪ್ಪು ಬೆರೆತ ಕಂದು ಬಳಿಯಿರಿ. ನೋಡುವವರು ಅದನ್ನು ಕೆಂಪೆಂದು ತಾವೇ ಅರ್ಥಮಾಡಿಕೊಳ್ಳುತ್ತಾರೆ. ಮುಳುಗುಗಾರರ ಬೊಂಬೆಯೊಂದನ್ನು ಇಟ್ಟು, ಅದರ ಕೈಯ ಟಾರ್ಚಿನಿಂದ ಬೀಳುವ ಸಣ್ಣ ಬೆಳಕಿನ ವೃತ್ತದೊಳಗೆ ಮಾತ್ರ ನಿಜವಾದ ಕೆಂಪು ಹಳದಿಗಳನ್ನು ಹಾಕಿದರೆ ಎರಡೂ ಸತ್ಯಗಳು ಒಂದೇ ಪೆಟ್ಟಿಗೆಯಲ್ಲಿ ಕೂಡುತ್ತವೆ.

ದೂರದ ವಿಷಯವನ್ನೂ ಮರೆಯಬೇಡಿ. ಒಳ್ಳೆಯ ತಿಳಿನೀರಿನಲ್ಲಿ 30 ಮೀಟರ್ ದೂರ ಕಾಣುತ್ತದೆ ಎಂದುಕೊಂಡರೂ ಅದು ನಿಮ್ಮ ಅಳತೆಯಲ್ಲಿ 42 ಸೆಂ.ಮೀ. ಅಷ್ಟೆ. ಕಾರ್ಸೇರ್ ರೆಕ್ಕೆಯ ಹರವು 12.5 ಮೀಟರ್, ಅಂದರೆ 17.4 ಸೆಂ.ಮೀ. ಹತ್ತಿರದ ರೆಕ್ಕೆಯ ತುದಿಗೂ ಆಚೆಯ ರೆಕ್ಕೆಯ ತುದಿಗೂ ನಡುವೆ ಕಣ್ಣಿಗೆ ಕಾಣುವ ದೂರದ ಐದರಲ್ಲಿ ಎರಡು ಪಾಲು ಕಳೆದಿರುತ್ತದೆ. ಆಚೆಯ ರೆಕ್ಕೆ ಈಚೆಯದರಷ್ಟೇ ಸ್ಪಷ್ಟವಾಗಿ ಇರಕೂಡದು. ತಿಳಿ ನೀಲಿಯನ್ನು ಬಹಳ ನೀರಾಗಿಸಿ ಆಚೆಯ ರೆಕ್ಕೆ ಮತ್ತು ಬಾಲದ ಮೇಲೆ ನಾಲ್ಕೈದು ಸಲ ತೆಳುವಾಗಿ ಹೊಡೆಯಿರಿ, ಈಚೆಯದನ್ನು ಮುಟ್ಟಬೇಡಿ.

ಬೇಲೂರು ಕಲ್ಲು

ನಮ್ಮದು ಶಿಲ್ಪದ ಕೆಲಸ, ಬಿಡುವಿನಲ್ಲಿ ಮಾದರಿ ಕಟ್ಟುತ್ತೇನೆ. ಮರಳಿನ ಬಗ್ಗೆ ಯಾರೂ ಬರೆಯದ್ದರಿಂದ ನಾನು ಬರೆಯುತ್ತೇನೆ.

ಹೊಳೆಯ ಮರಳನ್ನು ತಂದು ಹಾಕಬೇಡಿ. ಅರ್ಧ ಮಿ.ಮೀ. ಕಣ 72 ಪಟ್ಟಾದರೆ 36 ಮಿ.ಮೀ. ಆಗುತ್ತದೆ, ಅದು ಮರಳಾಗದೆ ಜಲ್ಲಿಯಾಗುತ್ತದೆ. ನಿಮಗೆ ಬೇಕಾದದ್ದು ಪುಡಿ. ಹವಾಯಿಯ ಮರಳು ಹವಳ, ಚಿಪ್ಪುಗಳ ಚೂರಿನಿಂದಾದ ಬಿಳಿಯ ಛಾಯೆಯದು, ಅದಕ್ಕೆ ನಮ್ಮ ಸಂತೆಯಲ್ಲಿ ಸಿಗುವ ರಂಗೋಲಿ ಪುಡಿಯನ್ನು ತೆಳುವಾದ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದರೆ ಸಾಕು. ವಿಮಾನದ ಮೇಲೆ ಕೂತ ಮಡ್ಡಿಗೆ ಬಳಪದ ಕಲ್ಲಿನ ಪುಡಿ ಬಳಸಿ. ಬೇಲೂರು, ಹಳೇಬೀಡಿನ ಗುಡಿಗಳ ಕಲ್ಲೇ ಅದು. ಉಜ್ಜುವಾಗ ಬೀಳುವ ಪುಡಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾಗಿ, ಹಸಿರು ಬೆರೆತ ಬೂದುಬಣ್ಣದಲ್ಲಿರುತ್ತದೆ. ಯಾವ ಅಂಗಡಿಯ ಬಣ್ಣದ ಪುಡಿಯೂ ಇಷ್ಟು ಚೆನ್ನಾಗಿ ಕೂರುವುದನ್ನು ನಾನು ಕಂಡಿಲ್ಲ. ಮೇಲೆ ಮ್ಯಾಟ್ ವಾರ್ನಿಷನ್ನು ದೂರದಿಂದ ಮಂಜಿನಂತೆ ಹೊಡೆದು ಹಿಡಿಸಿ, ಹತ್ತಿರದಿಂದ ಹೊಡೆದರೆ ಪುಡಿ ಹಾರಿಹೋಗುತ್ತದೆ.

ಮಡ್ಡಿ ಮೇಲ್ಮುಖವಾದ ಜಾಗದಲ್ಲಿ ಮಾತ್ರ ಕೂರುತ್ತದೆ. ರೆಕ್ಕೆಯ ಮೇಲೆ, ಕಾಕ್‌ಪಿಟ್ಟಿನ ನೆಲದ ಮೇಲೆ, ಪಕ್ಕೆಲುಬುಗಳ ಬೆನ್ನ ಮೇಲೆ. ಅಡಿಭಾಗಕ್ಕೆ ಪುಡಿ ಹಚ್ಚುವುದು ಸೂರಿನ ಒಳಮೈಗೆ ಮಳೆ ಬೀಳಿಸಿದಂತೆ.

ಮರಳಿನ ಆಕಾರಕ್ಕೆ ನಮ್ಮ ಯಗಚಿ ಹೊಳೆಯೇ ನನ್ನ ಗುರು. ಮಳೆ ನಿಂತು ನೀರು ತಿಳಿಯಾದಾಗ ದಂಡೆಯಲ್ಲಿ ಕೂತು ನೋಡಿದರೆ, ಪ್ರತಿ ಕಲ್ಲಿನ ಎದುರಿಗೂ ಪಕ್ಕಗಳಿಗೂ ಹರಿವು ಮರಳನ್ನು ತೋಡಿರುತ್ತದೆ, ಹಿಂದೆ ನಯವಾದ ಮರಳಿನ ಬಾಲವೊಂದು ಬೆಳೆದಿರುತ್ತದೆ. ಕಡಲತಳದಲ್ಲೂ ಹರಿವು ಇದ್ದಲ್ಲಿ ಇದೇ ಕೆಲಸ ನಡೆಯುತ್ತದೆ. ಹರಿವು ಯಾವ ಕಡೆಯಿಂದ ಎಂದು ಮೊದಲೇ ನಿಶ್ಚಯಿಸಿಕೊಂಡು ತಗ್ಗು, ದಿಬ್ಬ, ಮರಳಿನ ಅಲೆಗಳು ಎಲ್ಲವನ್ನೂ ಅದಕ್ಕೆ ಹೊಂದಿಸಿ. ಎಂಜಿನ್ನಿನ ಭಾರವೇ ಒಂದು ಟನ್ನಿಗಿಂತ ಹೆಚ್ಚಿರುವುದರಿಂದ ಮೂಗು ಹೂತಿರಲಿ, ಬಾಲ ಸ್ವಲ್ಪ ಎತ್ತಿಕೊಂಡಿರಲಿ.

ಬೆಳವಣಿಗೆಗಳಿಗೆ ರಾಗಿ, ರವೆ ಬಳಸುವವರಿದ್ದಾರೆ. ರಾಗಿ ಕಾಳು ಈ ಅಳತೆಯಲ್ಲಿ ಹತ್ತು ಸೆಂ.ಮೀ.ನಷ್ಟು ಹವಳದ ಉಂಡೆಯಾಗಿ ಚೆನ್ನಾಗಿ ಒಪ್ಪುತ್ತದೆ, ಆದರೆ ನಮ್ಮ ಹವೆಯಲ್ಲಿ ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಸೂಪರ್ ಗ್ಲೂ ಮೇಲೆ ಅಡುಗೆ ಸೋಡಾ ಉದುರಿಸಿ, ಗಟ್ಟಿಯಾದ ಮೇಲೆ ಬಣ್ಣ ಕೊಡಿ.

ಅರಕಲಗೂಡಿನ ಹೊಸಬ

ಇದನ್ನೆಲ್ಲ ಓದಿ ನನಗೂ ಒಂದು ಮಾಡುವ ಆಸೆಯಾಗಿದೆ. ಹವಳ, ಬಿಳಿ ಮರಳು ನಾನು ಕಂಡೇ ಇಲ್ಲ. ಸಿಹಿನೀರಿನಲ್ಲಿ ಮುಳುಗಿದ ವಿಮಾನಗಳು ಇವೆಯೇ? ಅಥವಾ ನಮ್ಮ ರಾಜ್ಯಕ್ಕೆ ಸಂಬಂಧವಿರುವ ಯಾವುದಾದರೂ?

ಮಲೆನಾಡ ಮಾದರಿ (ಚಿಕ್ಕಮಗಳೂರು)

ಇವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಮಿಷಿಗನ್ ಸರೋವರದಲ್ಲಿ ವುಲ್ವರಿನ್, ಸೇಬಲ್ ಎಂಬ, ದೊಡ್ಡ ಚಕ್ರಗಳಿಂದ ನೀರನ್ನು ತಳ್ಳಿ ಸಾಗುವ ಎರಡು ಹಳೆಯ ಹಡಗುಗಳನ್ನು ವಿಮಾನವಾಹಕಗಳಾಗಿ ಮಾರ್ಪಡಿಸಿ ಪೈಲಟ್‌ಗಳಿಗೆ ತರಬೇತಿ ಕೊಟ್ಟಿತು. ಆ ಅಭ್ಯಾಸದಲ್ಲಿ ನೂರಕ್ಕೂ ಹೆಚ್ಚು ವಿಮಾನಗಳು ಸರೋವರದ ಪಾಲಾದವು. ತಣ್ಣನೆಯ ಸಿಹಿನೀರಿನಲ್ಲಿ ಲೋಹ ಎಷ್ಟು ಚೆನ್ನಾಗಿ ಉಳಿಯುತ್ತದೆಂದರೆ, 1942ರ ಮಿಡ್‌ವೇ ಕದನದಲ್ಲಿ ಹಾರಿದ್ದ ಎಸ್‌ಬಿಡಿ-2 ಡಾಂಟ್‌ಲೆಸ್ ಬಾಂಬರ್ ವಿಮಾನವೊಂದನ್ನು 1994ರಲ್ಲಿ ಅಲ್ಲಿಂದ ಎತ್ತಿ, ಈಗ ಪೆನ್ಸಕೋಲಾದ ನೌಕಾ ವಾಯುಯಾನ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅಲ್ಲಿ ಹವಳವಿಲ್ಲ. ಇತ್ತೀಚಿನ ದಶಕಗಳಲ್ಲಿ ಹೊರಗಿನಿಂದ ಬಂದು ಹಬ್ಬಿದ ಬೆರಳಿನುಗುರಿನಷ್ಟು ಸಣ್ಣ ಚಿಪ್ಪುಜೀವಿಗಳು ಅವಶೇಷಗಳನ್ನು ಮುಚ್ಚುತ್ತಿವೆ. ಶೆಟ್ಟಿಹಳ್ಳಿಯಲ್ಲಿ ಕಾಣುವ ಕೆಸರಿನ ಬಣ್ಣ ಇಂಥ ದೃಶ್ಯಕ್ಕೆ ಹೆಚ್ಚು ಹತ್ತಿರ.

ನಮ್ಮ ರಾಜ್ಯದ ನಂಟು ಬೇಕೆಂದರೆ ಕ್ಯಾಟಲಿನಾ ಹಾರುದೋಣಿಯನ್ನು ನೋಡಿ. ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಕ್ಯಾಟಲಿನಾಗಳ ದುರಸ್ತಿ ನಡೆಯುತ್ತಿತ್ತು, ಅವು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದವು. 1942ರ ಮಾರ್ಚ್ 3ರ ಜಪಾನಿ ದಾಳಿಯಲ್ಲಿ ನಾಶವಾದ ಕ್ಯಾಟಲಿನಾಗಳ ಅವಶೇಷಗಳು ಆಸ್ಟ್ರೇಲಿಯಾದ ಬ್ರೂಮ್ ಬಳಿಯ ಕೊಲ್ಲಿಯಲ್ಲಿ ಇಂದಿಗೂ ಇವೆ, ಸಮುದ್ರ ಬಹಳ ಇಳಿದ ದಿನಗಳಲ್ಲಿ ಕೆಸರಿನಿಂದ ಮೇಲೆದ್ದು ಕಾಣುತ್ತವೆ. ಆದರೆ ಆ ದಿನ ಅಲ್ಲಿ ಹೆಂಗಸರು ಮಕ್ಕಳೂ ಸೇರಿ ಅನೇಕರು ಸತ್ತರು. ಅದನ್ನು ಮಾಡುವುದಾದರೆ ಗೊರೂರು ದಡ ಅವರ ಮೊದಲ ಮಾತನ್ನು ಒಮ್ಮೆ ಓದಿಕೊಂಡು ಹೊರಡಿ. ರೆಕ್ಕೆಯ ಹರವು 1/72ರಲ್ಲಿ 44 ಸೆಂ.ಮೀ. ಆಗುತ್ತದೆ, ಅದಕ್ಕೂ ಸಿದ್ಧರಿರಬೇಕು.

ಸಕಲೇಶಪುರ ರೈಲು

ರೆಸಿನ್ ಪರವಾಗಿ ಒಂದು ಮಾತು ಉಳಿದಿದೆ. ಎಲ್ಲ ಮುಳುಗಿದ ವಿಮಾನಗಳೂ 33 ಮೀಟರಿನಲ್ಲಿಲ್ಲ. ಪಲಾವು ದ್ವೀಪಗಳಲ್ಲಿ ಜಪಾನಿನ ಐಚಿ ಇ13ಎ ತೇಲುವಿಮಾನವೊಂದು 15 ಮೀಟರಿಗಿಂತ ಕಡಿಮೆ ಆಳದಲ್ಲಿದೆ. 1/144 ಅಳತೆಯಲ್ಲಿ ಅಷ್ಟು ನೀರು 10 ಸೆಂ.ಮೀ.ಗೆ ಬರುತ್ತದೆ, ಮೇಲ್ಮೈಯನ್ನೂ ಅಲೆಗಳನ್ನೂ ಮೇಲೆ ನಿಂತ ದೋಣಿಯನ್ನೂ ಒಟ್ಟಿಗೆ ತೋರಿಸಬಹುದು. ಅಂಥಲ್ಲಿ ಬಿಸಿಲಿನ ಬಲೆಯೂ ಸಲ್ಲುತ್ತದೆ. ಆ ಕೆಲಸವನ್ನು ಮೇಡಂ ಹೇಳಿದ, ರೆಸಿನ್ ಇಲ್ಲದ ಒಣ ಪೆಟ್ಟಿಗೆ ಮಾಡಲಾರದು. ಈ ಕಾರ್ಸೇರ್ ಮಟ್ಟಿಗೆ ನಾನು ಸೋಲೊಪ್ಪುತ್ತೇನೆ.

ಗೊರೂರು ದಡ (ಹಾಸನ)

ಹತ್ತು ವಾರಗಳ ನಂತರ ಬರೆಯುತ್ತಿದ್ದೇನೆ. ಹೇಳಿದ್ದ ರೆಸಿನ್ ಪ್ರಯೋಗವನ್ನು ಹಾಳಾದ ರೆಕ್ಕೆಯ ತುಂಡೊಂದನ್ನು ಒಂದು ಸಣ್ಣ ಡಬ್ಬಿಯಲ್ಲಿಟ್ಟು ಮಾಡಿದೆ. ತೂಕ ಮಾಡಿ ಬೆರೆಸಿದ್ದೆ, ಒಂದೊಂದು ಸೆಂ.ಮೀ. ಪದರವಾಗಿಯೇ ಸುರಿದೆ. ಗಟ್ಟಿ ತಿಳಿಯಾಗಿಯೇ ಬಂತು. ಆದರೂ ಅದನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದಾಗ ಕಂಡದ್ದು ಗಾಜಿನಲ್ಲಿ ಸಿಕ್ಕಿಕೊಂಡ ರೆಕ್ಕೆ. ಮೇಡಂ ಹೇಳಿದ ಇಟ್ಟಿಗೆಯ ಮಾತು ಆಗ ಮನಸ್ಸಿಗೆ ಇಳಿಯಿತು. ಅಂದಿನಿಂದ ಒಣ ಪೆಟ್ಟಿಗೆಯ ಕೆಲಸವೇ.

ಪಕ್ಕೆಲುಬುಗಳಿಗೆ ಮೂರು ವಾರ ಹಿಡಿಯಿತು. ಮೊದಲ ಸಾಲು ಪೂರ್ತಿ ವ್ಯರ್ಥವಾಯಿತು, ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿದ್ದೆ, ತುದಿಯ ಕಡೆಗೆ ರೆಕ್ಕೆ ಕಿರಿದಾಗುವುದನ್ನು ಮರೆತಿದ್ದೆ. ಎರಡನೆಯ ಸಲ ಕಿಟ್‌ನ ಕತ್ತರಿಸಿದ ತುಂಡನ್ನೇ ಅಚ್ಚಾಗಿಟ್ಟುಕೊಂಡು ಒಂದೊಂದನ್ನೂ ಅಳೆದು ಕತ್ತರಿಸಿದೆ. ಕೆಲವನ್ನು ಮುರಿದೆ, ಎರಡನ್ನು ಕಳಚಿ ಕೆಳಗಿನ ಮರಳಿನಲ್ಲಿ ಅರ್ಧ ಹೂತೆ. ಮೈಗೆ ಮೊದಲು ಬೂದು, ಅದರ ಮೇಲೆ ಪುಡಿ ಉಪ್ಪನ್ನು ನೀರಿನಲ್ಲಿ ಅದ್ದಿ ಅಲ್ಲಲ್ಲಿ ಅಂಟಿಸಿ, ಅದರ ಮೇಲೆ ಕಡುನೀಲಿ ಹೊಡೆದು, ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆದೆ. ನೀಲಿ ಉಳಿದದ್ದು ಕಾಕ್‌ಪಿಟ್ಟಿನ ಕೆಳಗೆ, ರೆಕ್ಕೆಯ ಬುಡದಲ್ಲಿ, ಅಷ್ಟೆ. ಕೆಂಪು ಗೆರೆಯ ಒಂದು ಚೂರನ್ನು ಕಂದುಗಪ್ಪಿನಲ್ಲಿ ಬಿಟ್ಟಿದ್ದೇನೆ.

ಬಳಪದ ಪುಡಿಯನ್ನು ಬೇಲೂರಿಗೆ ಹೋಗಿ ತಂದೆ. ಅದನ್ನು ಬೆರಳಿನಿಂದ ಹಚ್ಚದೆ, ಚಹಾ ಸೋಸುವ ಜಾಲರಿಯಿಂದ ಒಂದು ಅಡಿ ಮೇಲಿನಿಂದ ಉದುರಿಸಿದೆ. ಮಡ್ಡಿ ಎಲ್ಲಿ ಕೂರಬೇಕೋ ಅಲ್ಲಿ ತಾನೇ ಕೂತಿತು, ಪಕ್ಕೆಲುಬುಗಳ ನಡುವಿನಿಂದ ಇಳಿದದ್ದು ಕೆಳಗಿನ ಮರಳಿನ ಮೇಲೆ ಗೆರೆಗೆರೆಯಾಗಿ ಬಿತ್ತು. ನಾನು ಯೋಜಿಸದೆ ಬಂದ ಆ ಗೆರೆಗಳೇ ಈಗ ಇಡೀ ದೃಶ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ.

ದೀಪಕ್ಕೆ ಒಂದೇ ನೀಲಿ ಹಾಳೆ ಸಾಲಲಿಲ್ಲ, ಮರಳಿನ ಬಿಳುಪು ಎದ್ದು ಕಾಣುತ್ತಿತ್ತು. ಎರಡನೆಯ ಹಾಳೆಯನ್ನು ಹಿಂದಿನ ಅರ್ಧಕ್ಕೆ ಮಾತ್ರ ಹಾಕಿದಾಗ ಹಿಂಭಾಗ ತಾನಾಗಿಯೇ ದೂರ ಸರಿಯಿತು. ಮುಳುಗುಗಾರರ ಬೊಂಬೆ ಎರಡೂವರೆ ಸೆಂ.ಮೀ. ಉದ್ದ, ಕೈಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ಎಲ್‌ಇಡಿ. ಬೆಳಕು ಬೀಳುವುದು ಎಂಜಿನ್ ಮುಸುಕಿನ ಅಂಚಿನ ಮೇಲೆ, ಅಲ್ಲಿ ನಾಲ್ಕು ಚುಕ್ಕೆ ಕಿತ್ತಳೆ ಇದೆ. ಮರಳಿನಲ್ಲಿ ತಲೆ ಎತ್ತಿ ನಿಂತ ತೋಟದ ಹಾವುಮೀನುಗಳನ್ನು ತೆಳು ತಂತಿಯಲ್ಲಿ ಮಾಡಿ, ಆರು ಮಿ.ಮೀ. ಎತ್ತರಕ್ಕೆ ವಿಮಾನದ ಸುತ್ತ ನಿಲ್ಲಿಸಿದ್ದೇನೆ. ತಪ್ಪುಗಳಿದ್ದರೆ ಮುಚ್ಚುಮರೆಯಿಲ್ಲದೆ ತಿಳಿಸಿ.

ನೇತ್ರಾಣಿ ಮುಳುಗುಗಾರ (ಹಾಸನ)

ಚಿತ್ರಗಳನ್ನು ಎರಡು ದಿನ ಮತ್ತೆ ಮತ್ತೆ ನೋಡಿದೆ. ಆಚೆಯ ರೆಕ್ಕೆ ನೀಲಿಯಲ್ಲಿ ಕರಗುವ ರೀತಿ ನಾನು ಕೆಳಗೆ ಕಂಡಂತೆಯೇ ಇದೆ. ಎರಡು ತಿದ್ದುಪಡಿಗಳಿವೆ. ಹಾವುಮೀನುಗಳು ಬಹಳ ಅಂಜುಬುರುಕ ಜೀವಿಗಳು, ಮುಳುಗುಗಾರರು ಸಮೀಪಿಸಿದೊಡನೆ ಬಿಲದೊಳಗೆ ಇಳಿದುಬಿಡುತ್ತವೆ. ನಿಮ್ಮ ಬೊಂಬೆಯಿಂದ ಅಂಗೈಯಗಲದೊಳಗೆ ಇರುವವನ್ನೆಲ್ಲ ತೆಗೆಯಿರಿ. ಅದರಾಚೆಯವನ್ನು ಅರ್ಧ ಎತ್ತರಕ್ಕೆ ಇಳಿಸಿ, ದೂರದವು ಮಾತ್ರ ಪೂರ್ತಿ ನಿಂತಿರಲಿ. ಅವು ಹರಿವಿನಲ್ಲಿ ತೇಲಿಬರುವುದನ್ನು ತಿನ್ನುವುದರಿಂದ ಎಲ್ಲವೂ ಹರಿವು ಬರುವ ಕಡೆಗೇ ಮುಖಮಾಡಿರಬೇಕು. ಈಗ ಕೆಲವು ಎದುರುಬದುರಾಗಿವೆ, ಮರಳಿನ ಬಾಲಗಳು ಹೇಳುವ ದಿಕ್ಕಿಗೆ ಅವು ಹೊಂದುತ್ತಿಲ್ಲ.

ಇನ್ನೊಂದು, ಬೊಂಬೆಯ ಬಾಯಿಂದ ಹೊರಟ ಗುಳ್ಳೆಗಳು. ಎಲ್ಲವನ್ನೂ ಒಂದೇ ಗಾತ್ರದ ಮಣಿಗಳಂತೆ ಪೋಣಿಸಿದ್ದೀರಿ. ಆ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟಿಗಿಂತ ಹೆಚ್ಚು. ಗುಳ್ಳೆಗಳು ಏರುತ್ತಾ ಹಿಗ್ಗುತ್ತವೆ, ದೊಡ್ಡವು ಕೊಡೆಯಂತೆ ಚಪ್ಪಟೆಯಾಗುತ್ತವೆ, ಒಡೆದು ಚಿಕ್ಕವಾಗುತ್ತವೆ. ನಿಮ್ಮ ಪೆಟ್ಟಿಗೆಯ ಎತ್ತರದೊಳಗೆ ಹಿಗ್ಗುವಿಕೆ ಅಷ್ಟಾಗಿ ಕಾಣದು, ಗಾತ್ರಗಳು ಬೆರೆತಿದ್ದರೆ ಸಾಕು.

ಗೊರೂರು ದಡ (ಹಾಸನ)

ಹದಿನೇಳು ಹಾವುಮೀನುಗಳನ್ನು ಕಿತ್ತು, ಒಂಬತ್ತನ್ನು ಹರಿವಿನ ಕಡೆಗೆ ತಿರುಗಿಸಿ ಮತ್ತೆ ನೆಟ್ಟೆ. ಕಿತ್ತ ಜಾಗದ ತೂತುಗಳನ್ನು ಮುಚ್ಚಲಿಲ್ಲ, ಅವೇ ಬಿಲಗಳಾದವು. ಗುಳ್ಳೆಗಳ ಕೆಲಸ ಈ ಭಾನುವಾರ.